ಜಾಲರಿ ಎತ್ತಿದ ಕೂಡಲೇ

ನೋಡಿದ್ಯಾ, ಮತ್ತೆ ಬಂದ್ಲು. ಈ ಮನೇಲಿ ಎರಡು ಮಾತು ನೆಟ್ಟಗೆ ಆಡೋಕೆ ಬಿಡಲ್ಲ ಯಾರೂ. ಆಗ ಅತ್ತೆ ಬಂದು ಹಾಲು ಉಕ್ಕಿತು ಅಂದ್ರು, ಅದಕ್ಕೂ ಮುಂಚೆ ಸಾಹೇಬರ ಫೋನು, ಈಗ ಇವಳು. ಏನೇ ಪುಟ್ಟಿ? ಜಡೆನಾ? ಬಾ, ನಾನು ಹಾಕ್ತೀನಿ. ಬೇಡ್ವಾ? ನಾನು ಹಾಕಿದ್ರೆ ಎಳೆಯುತ್ತಾ? ಹಾಗಾದ್ರೆ ಕೆದರಿಕೊಂಡೇ ಇರು. ಚಿಕ್ಕಮ್ಮನೇ ಹಾಕಬೇಕು ಅಂದ್ರೆ ಈಗ ಆಗಲ್ಲ, ಚಿಕ್ಕಮ್ಮನ ಕೈ ನೋಡಿದ್ದೀಯಲ್ಲ... ಹೋಗು, ಅಜ್ಜಿ ಹತ್ರ ಹೋಗು. ಬಾಗಿಲು ಮೆಲ್ಲಗೆ ಹಾಕು. ಮೆಲ್ಲಗೆ ಅಂದೆ.

ನೀನ್ಯಾಕೆ ಕೈ ಸೆರಗಿನೊಳಗೆ ಇಟ್ಕೊಂಡೆ? ಅವಳು ದಿನಾ ನೋಡ್ತಾಳೆ, ಬಿಡು. ಆಚೆ ತೆಗಿ. ದಿಂಬಿನ ಮೇಲೆ ಇಡು. ಮೇಲಕ್ಕೆ ಇಟ್ರೆ ನೋವು ಕಡಿಮೆ ಅಂತ ಡಾಕ್ಟರ್ ಹೇಳಿಲ್ವಾ?

ಸರಿ. ಎಲ್ಲಿದ್ವಿ? ಬೀರು. ಇನ್ನೊಂದು ಸಲ ಮೊದಲಿಂದ. ನಾಳೆ ಇಷ್ಟು ಹೊತ್ತಿಗೆ ತಪಾಸಣೆ ಮಾಡೋ ಇನ್ಸ್‌ಪೆಕ್ಟರ್ ನಿಮ್ಮ ರಟ್ಟಿನ ಡಬ್ಬದ ಕಾರ್ಖಾನೆ ಒಳಗೆ ಇರ್ತಾರೆ. ನಿನ್ನ ಕೈ ಕಣ್ಣಿಗೆ ಬೀಳುತ್ತೆ. ಅಷ್ಟು ದಪ್ಪ ಬ್ಯಾಂಡೇಜು, ಕುರುಡನಿಗೂ ಕಾಣುತ್ತೆ. ಏನಮ್ಮಾ ಇದು ಅಂತಾರೆ. ನೀನು ಏನಂತೀಯ?

ಗಟ್ಟಿಯಾಗಿ ಹೇಳೇ. ನಿನಗೇ ಕೇಳಿಸಲಿಲ್ಲ ಅದು.

ಹಾಂ. ಮನೇಲಿ ಬೀರು ಸರಿಸ್ತಿದ್ದೆ ಸಾರ್, ಜಾರಿ ಕೈ ಮೇಲೆ ಬಿತ್ತು. ಅಷ್ಟೇ. ಯಾವ ಬೀರು ಅಂದ್ರೆ ಇದೇ ಬೀರು, ಇಗೋ, ಬಾಗಿಲು ಸರಿಯಾಗಿ ಮುಚ್ಚದೆ ಇರೋದು. ಒಂದ್ಸಲ ಮುಟ್ಟಿ ನೋಡು, ಎಡಗೈಯಲ್ಲಿ. ಮುಟ್ಟಿದ್ದನ್ನ ಹೇಳೋವಾಗ ಬಾಯಿ ತೊದಲಲ್ಲ. ಪಾಪ, ಅತ್ತೆ ಮದುವೆಯಾಗಿ ಬಂದಾಗಿನಿಂದ ಒಂದು ಮೂಲೇಲಿ ನಿಂತಿದೆ, ಯಾರ ತಂಟೆಗೂ ಹೋಗಿಲ್ಲ. ಈಗ ಅದರ ತಲೆ ಮೇಲೆ ಗೂಬೆ ಕೂರಿಸ್ತಾ ಇದ್ದೀವಿ.

ಯಾಕೆ ನಗ್ತೀಯ? ನಗು ಪರವಾಗಿಲ್ಲ. ಇವತ್ತು ಭಾನುವಾರ, ಎಷ್ಟು ಬೇಕಾದ್ರೂ ನಗು. ನಾಳೆ ಮಾತ್ರ ಬೇಡ.

ಇನ್ನೊಂದು, ನಿನಗೆ ಗೊತ್ತಿರೋದೇ, ಆದ್ರೂ ಹೇಳ್ತೀನಿ. ಉತ್ತರ ಮರೆತು ಹೋದ್ರೆ ನೆಲ ನೋಡು, ಗೋಡೆ ನೋಡು, ನಿನ್ನ ಚಪ್ಪಲಿ ನೋಡು. ನಾನೂ ಅಲ್ಲೇ ನಿಂತಿರ್ತೀನಿ, ಹೇಳಿಕೊಟ್ಟವರ ಮುಖ ಮಾತ್ರ ನೋಡಬೇಡ. ಜನ ಎಲ್ಲಾ ಇಲ್ಲೇ ಎಡವೋದು. ಇನ್ಸ್‌ಪೆಕ್ಟರ್‌ಗಳು ಬಾಯಿ ನೋಡಲ್ಲ ಕಣೇ, ಕಣ್ಣು ನೋಡ್ತಾರೆ. ಉತ್ತರ ಬಾರದೆ ಇದ್ದಾಗ ಕಣ್ಣು ತಾನಾಗಿ ಹೇಳಿಕೊಟ್ಟವರ ಕಡೆ ಓಡುತ್ತೆ. ನಮ್ಮ ಸಾಹೇಬರ ಜೊತೆ ಮೊದಲು ಹೋದ ಕಾರ್ಖಾನೇಲಿ ಹಾಗೇ ಆಯ್ತು. ಒಬ್ಬ ವೆಲ್ಡರು, ಒಳ್ಳೇ ಗಟ್ಟಿ ಆಳು, ಎಲ್ಲಾ ಸರಿಯಾಗಿ ಹೇಳಿದ, ಕೊನೆಗೆ ಒಂದೇ ಒಂದು ಸಲ ಮ್ಯಾನೇಜರ್ ಮುಖ ನೋಡಿದ. ಇನ್ಸ್‌ಪೆಕ್ಟರ್ ಪೆನ್ನು ಮುಚ್ಚಿಬಿಟ್ರು. ಮ್ಯಾನೇಜರ್‌ನ ಪಕ್ಕದ ರೂಮಿಗೆ ಕರ್ಕೊಂಡು ಹೋದ್ರು. ಅಲ್ಲಿಗೆ ಮುಗೀತು.

ಸಾಹೇಬರು ನನ್ನನ್ನ ಈ ಕೆಲಸಕ್ಕೆ ಹಿಡ್ಕೊಂಡಿದ್ದು ಹೇಗೆ ಗೊತ್ತಲ್ಲ. ನಾನು ಹೋಗಿದ್ದು ಅವರ ಆಫೀಸಲ್ಲಿ ಫೋನ್ ಎತ್ತೋ ಕೆಲಸಕ್ಕೆ. ಹತ್ತನೇ ಕ್ಲಾಸಿಗೆ ಇನ್ನೇನು ಕೆಲಸ ಕೊಡ್ತಾರೆ? ಅವರ ವ್ಯಾಪಾರವೇ ಅದು, ಸರ್ಕಾರದವರು ಬರೋ ಮುಂಚೆ ಹೋಗಿ ಕಾರ್ಖಾನೆ ತಯಾರು ಮಾಡೋದು. ಗಾಯದ ಪುಸ್ತಕ ಸರಿಯಿದೆಯಾ, ಔಷಧಿ ಪೆಟ್ಟಿಗೇಲಿ ಔಷಧಿ ಇದೆಯಾ, ಕೆಲಸದವರು ಬಾಯಿ ಬಿಟ್ಟರೆ ಏನು ಬರುತ್ತೆ. ಒಂದಿನ ಊಟದ ಹೊತ್ತಲ್ಲಿ ನಾನು ಸಾಮಾನು ತಲುಪಿಸೋ ಹುಡುಗನೊಬ್ಬನನ್ನ ಬೈತಾ ಇದ್ದೆ. ಸಾಹೇಬರು ತುತ್ತು ಕೈಯಲ್ಲೇ ಹಿಡ್ಕೊಂಡು ಕೇಳಿಸ್ಕೊಂಡ್ರು. ಏನಮ್ಮಾ, ನೀನು ಇನ್ಸ್‌ಪೆಕ್ಟರ್ ಥರ ಪ್ರಶ್ನೆ ಕೇಳ್ತೀಯಾ ಅಂದ್ರು. ಅಷ್ಟೇ, ಫುಟ್‌ಪಾತಿಂದ ಒಂದು ಪವರ್ ಇಲ್ಲದ ಕನ್ನಡಕ ತಂದೆ, ಕಾಟನ್ ಸೀರೆ ಉಟ್ಟೆ, ತಾಲೀಮು ಮಾಡಿಸೋಕೆ ಸುಳ್ಳು ಇನ್ಸ್‌ಪೆಕ್ಟರ್ ಆಗಿ ಹೋದೆ. ದೊಡ್ಡ ದೊಡ್ಡ ಡಿಗ್ರಿಯವರು ನನ್ನ ಮುಂದೆ ಬೆವರು ಒರೆಸ್ಕೊಂಡ್ರು. ಇವಳು ನಿಜವಾದ ಇನ್ಸ್‌ಪೆಕ್ಟರ್ ಅಲ್ಲ ಅಂತ ಗೊತ್ತಿದ್ದೂ.

ಮನೇಲಿ ಮಾತ್ರ ಯಾರೂ ಬೆವರಲ್ಲ. ನಿನ್ನ ಭಾವನವರಂತೂ ನಾನು ಏನು ಕೇಳಿದ್ರೂ ಟಿವಿ ಕಡೆ ನೋಡ್ತಾರೆ. ಆ ವೆಲ್ಡರ್‌ಗೆ ಇವರೇ ಪಾಠ ಹೇಳಿಕೊಡಬೇಕಿತ್ತು.

ಗಾಯದ ಪುಸ್ತಕ ಖಾಲಿ ಇಟ್ಟರೆ ಯಾರೂ ನಂಬಲ್ಲ, ಅದು ನಾನು ಕಲಿತ ಮೊದಲ ಪಾಠ. ಕೈಕಾಲು ಇರೋ ಜನ ಕೆಲಸ ಮಾಡೋ ಕಡೆ ಗಾಯ ಆಗಲೇಬೇಕು. ಕಾಗದದ ಅಂಚು ತಾಗಿ ಬೆರಳು ಕುಯ್ತು, ಕಣ್ಣಿಗೆ ಧೂಳು ಬಿತ್ತು, ಇಂಥವು ಬೇಕು. ದೊಡ್ಡದು ಬೇಡ. ಎರಡು ದಿನಕ್ಕಿಂತ ಜಾಸ್ತಿ ಕೆಲಸ ತಪ್ಪಿಸೋ ಗಾಯ ಆದ್ರೆ ಸರ್ಕಾರಕ್ಕೆ ತಿಳಿಸಬೇಕು, ಅವರು ಬಂದು ಮೆಷಿನ್ ಬಿಚ್ಚಿ ನೋಡ್ತಾರೆ. ಅದಕ್ಕೆ ತಾನೇ ನಿನ್ನನ್ನ ಗಾಯ ಆದ ಮಾರನೇ ದಿನವೇ ವ್ಯಾನಲ್ಲಿ ಕರ್ಕೊಂಡು ಹೋಗಿ ಗೇಟಿನ ಹತ್ರ ಕುರ್ಚಿ ಹಾಕಿ ಕೂರಿಸಿದ್ದು. ಹಾಜರಿ ಬೀಳಬೇಕಲ್ಲ.

ಗೊತ್ತು. ಗೊತ್ತು ಕಣೇ, ಬಿಸಿಲು ಬರುತ್ತೆ ಅಲ್ಲಿ. ಮಧ್ಯಾಹ್ನ ಆದ ಮೇಲೆ ಕುರ್ಚಿ ಸರಿಸಿ ಅಂತ ಸೆಕ್ಯುರಿಟಿಯವನಿಗೆ ಹೇಳಿದ್ದೆ. ಸರಿಸಲಿಲ್ವಾ? ಒಂದು ಸಲಾನೂ ಇಲ್ವಾ?

...ನಾಳೆ ನಿನ್ನನ್ನ ಮನೇಲೇ ಬಿಡೋಣ ಅಂದ್ರೆ ಅದೂ ಆಗಲ್ಲ. ಇಷ್ಟು ದಿನ ಹಾಜರಿ ಹಾಕಿ, ಇನ್ಸ್‌ಪೆಕ್ಟರ್ ಬಂದ ದಿನವೇ ನೀನು ಇಲ್ಲ ಅಂದ್ರೆ ಎಲ್ಲರಿಗಿಂತ ಮೊದಲು ನಿನ್ನನ್ನೇ ಹುಡುಕ್ತಾರೆ. ನಾವೇ ಹೆಣೆದ ಬಲೆ ನೋಡು. ಸಾಹೇಬರು ಅದನ್ನೇ ಬುದ್ಧಿವಂತಿಕೆ ಅಂತಾರೆ.

ನಿನ್ನ ಗಂಡ ನಿನ್ನೆ ನನ್ನ ಹತ್ರ ಬಂದಿದ್ದ. ನಿನಗೆ ಹೇಳಿದ್ನಾ? ಅತ್ತಿಗೆ, ಕಾರ್ಖಾನೇಲಿ ಆದ ಗಾಯ ಅಂತ ಬರೆಸಿದ್ರೆ ಆಸ್ಪತ್ರೆ ಖರ್ಚು ಅವರದ್ದೇ ಅಂತೆ, ಬೆರಳು ಹೋದದ್ದಕ್ಕೆ ತಿಂಗಳು ತಿಂಗಳು ಏನೋ ಬರುತ್ತಂತೆ, ಬೀರು ಅಂದ್ರೆ ಒಂದೂ ಇಲ್ವಂತೆ, ನಿಜಾನಾ ಅಂತ ಕೇಳಿದ. ತಲೆ ಬಗ್ಗಿಸ್ಕೊಂಡೇ ಕೇಳಿದ, ಪಾಪ. ಈ ಮನೆಗೆ ನಾನು ಬಂದಾಗ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ, ಇವತ್ತಿಗೂ ನನ್ನ ಮುಂದೆ ದನಿ ಏರಿಸಲ್ಲ. ನಾನು ಏನು ಹೇಳಲಿ? ನಿಜ ಅಂದೆ. ಆದ್ರೆ ಬರೆಸಿದ್ರೆ ಕಾರ್ಖಾನೆಗೆ ಬೀಗ ಬೀಳುತ್ತೆ, ಆ ಹೆಂಗಸರೆಲ್ಲ ಬೀದಿಗೆ ಬರ್ತಾರೆ, ಬರೆಸದೆ ಇದ್ರೆ ಮಾಲೀಕರು ಇವಳಿಗೆ ಎಂದೆಂದಿಗೂ ಕೂತು ಮಾಡೋ ಕೆಲಸ ಕೊಡ್ತೀನಿ ಅಂದಿದ್ದಾರೆ ಅಂದೆ. ಬಾಯಲ್ಲಿ ಅಂದಿದ್ದಾರಾ, ಕಾಗದದ ಮೇಲಾ ಅಂತ ಕೇಳಿದ. ಅವನೂ ಪ್ರಶ್ನೆ ಕೇಳೋದು ಕಲಿತುಬಿಟ್ಟ.

ಅಷ್ಟಕ್ಕೂ ನೀನು ಸ್ವಲ್ಪ ಆತುರಪಟ್ಟೆ ಅಲ್ವಾ. ಬೈತಾ ಇಲ್ಲ, ಇದ್ದದ್ದು ಹೇಳಿದೆ. ಅತ್ತೆಗೂ ಅದೇ ಹೇಳಿದೆ, ಅವಳು ಆತುರಗೇಡಿ, ರಟ್ಟು ಸೊಟ್ಟ ಹೋದ್ರೆ ಮೆಷಿನ್ ನಿಲ್ಲಿಸಿ ಸರಿ ಮಾಡಬೇಕು, ಹಾಗೇ ಕೈ ಹಾಕಿದ್ಲು ಅಂತ. ನೀನೂ ಅಲ್ಲ ಅನ್ನಲಿಲ್ಲ. ಪಕ್ಕದಲ್ಲೇ ಕೂತಿದ್ದೆ, ಕೇಳಿಸ್ಕೊಂಡೆ.

ನೀರು ಬೇಕಾ? ತಗೋ. ಎಡಗೈಯಲ್ಲಿ ಹಿಡಿಯೋದು ರೂಢಿ ಆಗ್ತಿದೆ ನೋಡು.

ಮುಂದಿನದು. ಇನ್ಸ್‌ಪೆಕ್ಟರ್ ನಿನ್ನನ್ನ ಪಂಚಿಂಗ್ ಮೆಷಿನ್ ಹತ್ರ ಕರ್ಕೊಂಡು ಹೋಗ್ತಾರೆ ಅಂದ್ಕೋ. ಹೋದ್ರೂ ಹೋಗಬಹುದು. ಬೀರಿನ ಕಥೆ ನಂಬಿದ್ರೂ ಒಂದು ಸಲ ಮೆಷಿನ್ ತೋರಿಸಮ್ಮ ಅಂತಾರೆ. ಇದರ ಮೇಲೆ ನೀನು ಎಷ್ಟು ದಿನದಿಂದ ಇದ್ದೀಯ, ರಟ್ಟು ಹೇಗೆ ಇಡ್ತೀಯ, ಇದೆಲ್ಲ ನೀನು ನಿದ್ದೇಲೂ ಹೇಳ್ತೀಯ. ಆಮೇಲೆ ಮೆಷಿನ್ ಬಾಯಿಗೆ ಅಡ್ಡ ಇರೋ ಜಾಲರಿ ತೋರಿಸಿ ಕೇಳ್ತಾರೆ, ಇದು ಯಾಕೆ ಇದೆ? ಹೇಳು.

ಹೇಳೇ. ಇದು ನಿನಗೆ ಬಾಯಿಪಾಠ. ಅವತ್ತು ತಯಾರಿ ದಿನ ಸಾಲಲ್ಲಿ ನಿಂತ ಅಷ್ಟೂ ಹೆಂಗಸರಲ್ಲಿ ಒಂದು ಅಕ್ಷರ ತಪ್ಪದೆ ಹೇಳಿದವಳು ನೀನೊಬ್ಬಳೇ. ಸಾಹೇಬರು ಬಾಯಿ ತುಂಬ ಹೊಗಳಿದ್ರು, ನನಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ, ನಮ್ಮ ಮನೆಯವಳು ಅಂತ. ಮನೆಗೆ ಬಂದೂ ಬಿಡಲಿಲ್ಲ ನೀನು, ಈರುಳ್ಳಿ ಹೆಚ್ತಾ ಹೇಳ್ಕೋತಿದ್ದೆ, ಪುಟ್ಟಿಗೆ ಜಡೆ ಹಾಕ್ತಾ ಹೇಳ್ಕೋತಿದ್ದೆ. ಈಗ ಏನಾಯ್ತು?

ಬೀರಿನದು ಹೇಳಿದೆ. ಹಾಜರಿದು ಹೇಳಿದೆ. ಇದೊಂದಕ್ಕೆ ಯಾಕೆ ಬಾಯಿ ಬಿಗಿದುಕೊಂಡು ಕೂತೆ?

ಏನೇ ಪುಟ್ಟಿ ಮತ್ತೆ? ಬಾಗಿಲ ಸಂದೀಲಿ ನಿಂತು ಕೇಳಿಸ್ಕೊಳ್ತಿದ್ಯಾ? ಕೈಯಲ್ಲಿ ಅದೇನು, ಅನ್ನದ ಪಾತ್ರೆ ಮುಚ್ಚಳನಾ? ಇಡು ಅದನ್ನ... ಏನಂದೆ? ಇನ್ನೊಂದ್ಸಲ ಹೇಳು.

ಕೇಳಿದ್ಯಾ? ನಾಲ್ಕು ವರ್ಷದ್ದು. ಮುಚ್ಚಳ ಎತ್ತಿ ಹಿಡ್ಕೊಂಡು ಹೇಳ್ತಾಳೆ, "ಜಾಲರಿ ಎತ್ತಿದ ಕೂಡಲೇ ಮೆಷಿನ್ ತಾನಾಗಿ ನಿಲ್ಲುತ್ತೆ ಸಾರ್." ಸಾರ್ ಅನ್ನೋದನ್ನೂ ಬಿಟ್ಟಿಲ್ಲ. ಹೋಗು ಪುಟ್ಟಿ, ಆಟ ಆಡ್ಕೋ ಹೋಗು. ಮುಚ್ಚಳ ಅಜ್ಜಿಗೆ ಕೊಡು. ಹೂಂ, ಜಾಣೆ.

ನೀನು ಯಾಕೆ ಅಳ್ತೀಯ ಈಗ? ಮಗು ಹೇಳಿದ್ದಕ್ಕಾ? ಅವಳಿಗೆ ಏನು ಗೊತ್ತಾಗುತ್ತೆ, ಗಿಳಿ ಥರ ಹೇಳ್ತಾಳೆ. ಒರೆಸ್ಕೋ. ನಾನು ಒರೆಸ್ಲಾ? ಬೇಡ ಅಂದ್ರೆ ಬೇಡ.

ನೋಡು, ಆ ಜಾಲರಿ ವಿಷಯ ನನಗೆ... ಅದು ಅಷ್ಟು ಸುಲಭ ಇಲ್ಲ ಕಣೇ. ಜಾಲರಿ ಹಾಕಿದ್ರೆ ಆಗಲ್ಲ, ಅದಕ್ಕೊಂದು ಸ್ವಿಚ್ ಇರುತ್ತೆ, ಸ್ವಿಚ್ಚಿಗೆ ವೈರ್ ಕೊಡಬೇಕು, ಆಗ ಎತ್ತಿದ್ರೆ ಕರೆಂಟ್ ನಿಲ್ಲೋದು. ತಪಾಸಣೆ ಅಂತ ಅವಸರದಲ್ಲಿ ಫಿಟ್ಟರ್ ಜಾಲರಿ ಕೂರಿಸಿದ, ಬಣ್ಣ ಹೊಡೆದ. ವೈರ್ ಕೊಡೋಕೆ ಒಂದು ದಿನ ಮೆಷಿನ್ ನಿಲ್ಲಿಸಬೇಕು ಅಂದ. ಆರ್ಡರ್ ಇದೆ, ಆಮೇಲೆ ನೋಡೋಣ ಅಂದ್ರು ಮಾಲೀಕರು. ತಪಾಸಣೆ ಮುಗಿದ ಸಂಜೆ ಜಾಲರಿ ಬಿಚ್ಚಿ ಮೂಲೆಗೆ ಇಡ್ತಾರೆ, ಯಾವಾಗಲೂ ಹಾಗೇ, ಎಲ್ಲಾ ಕಡೆ ಹಾಗೇ. ಈ ಸಲ ತಪಾಸಣೆಯೇ ಮುಂದಕ್ಕೆ ಹೋಯ್ತು. ಇನ್ಸ್‌ಪೆಕ್ಟರ್‌ಗೆ ಜ್ವರ ಬಂತಂತೆ. ಜಾಲರಿ ಹಾಗೇ ಉಳೀತು, ನೀನು ಅದನ್ನ ಎತ್ತಿ ಕೈ ಹಾಕಿದೆ. ಅವರಿಗೆ ಜ್ವರ ಬರದೆ ಇದ್ದಿದ್ರೆ ನಿನ್ನ ಕೈ ಚೆನ್ನಾಗಿರ್ತಿತ್ತು. ಇದಕ್ಕೆ ಯಾರನ್ನ ಬೈಯೋದು ಹೇಳು?

ವೈರ್ ಕೊಟ್ಟಿಲ್ಲ ಅಂತ ನನಗೂ ಆಮೇಲೇ ಗೊತ್ತಾಗಿದ್ದು. ನಿನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋದ ಮೇಲೆ.

ಥೂ, ಈ ಫೋನ್ ಒಂದು. ಸಾಹೇಬರೇ. ಒಂದು ನಿಮಿಷ ಇರು.

ಹಲೋ. ಹೇಳಿ ಸಾರ್... ಇಲ್ಲೇ ಇದ್ದಾಳೆ ಸಾರ್, ಅದೇ ನಡೀತಿದೆ. ಚೆನ್ನಾಗಿ ಹೇಳ್ತಾಳೆ... ಹೂಂ... ವೈರ್ ಕೊಟ್ಟಾಯ್ತಾ? ಅಬ್ಬಾ. ಯಾವಾಗ?... ಹೂಂ ಸಾರ್. ಹಾಗಾದ್ರೆ ಆ ಕಪ್ಪು ಟೇಪ್ ಬಿಚ್ಚಿಸಿಬಿಡಿ. ಅದೇ ಸಾರ್, ಅವತ್ತು ವೈರ್ ನೇತಾಡ್ತಾ ಇತ್ತಲ್ಲ, ಕಾಣಬಾರದು ಅಂತ ನಾನು ಸುತ್ತಿಸಿ ಹಿಂದಕ್ಕೆ ಸಿಕ್ಕಿಸಿದ್ನಲ್ಲ, ಅದು ಹಾಗೇ ಇದ್ರೆ ಅನುಮಾನ... ಹೂಂ... ಹೂಂ, ಅವಳು ಏನೂ ಹೇಳಲ್ಲ ಸಾರ್. ನಮ್ಮ ಮನೆಯವಳು. ಇಡ್ತೀನಿ.

...

ಅದು ಬೇರೆ. ಬೇರೆ ಕಾರ್ಖಾನೆ ವಿಷಯ. ಒಂದಾ ಎರಡಾ ನಮಗೆ, ಎಲ್ಲಾ ಕಡೆ ವೈರು, ಎಲ್ಲಾ ಕಡೆ ಟೇಪು.

ಸರಿ, ನಿಮ್ಮದೇ. ಆದ್ರೆ ನಾನು ಸುತ್ತಿಸಿದ್ದು ಇನ್ಸ್‌ಪೆಕ್ಟರ್‌ಗೋಸ್ಕರ ಕಣೇ. ಅವರ ಕಣ್ಣಿಗೆ. ಕಣ್ಣಿಗೆ ಬೇಕಾದ್ದು ಇಟ್ಟುಬಿಟ್ಟರೆ ಯಾರೂ ಕೈ ಹಾಕಿ ನೋಡಲ್ಲ ಅಂತ ನಾನು ಎಲ್ಲಾ ಕಡೆ ಹೇಳೋದು. ಯಾರೂ ಕೈ ಹಾಕಿ... ಅಂದ್ರೆ ನೋಡೋಕೆ ಬಂದವರು ಅಂತ. ಕೆಲಸ ಮಾಡೋರು ಅಂತ ನಾನು ಅಂದ್ಕೊಂಡೇ ಇರಲಿಲ್ಲ. ನಿಮಗೆಲ್ಲ ಗೊತ್ತಿರುತ್ತೆ ಅಂದ್ಕೊಂಡೆ. ಇದು ಬರೀ ಹೇಳೋ ಮಾತು, ತಪಾಸಣೆ ಮಾತು ಅಂತ ಉಳಿದವರಿಗೆಲ್ಲ ಗೊತ್ತಿತ್ತು, ಅವರು ನಗ್ತಾ ಹೇಳಿದ್ರು, ತಪ್ಪು ತಪ್ಪಾಗಿ ಹೇಳಿದ್ರು. ನೀನೊಬ್ಬಳೇ ಪಾಠದ ಥರ ಕಲಿತವಳು. ಅಕ್ಕ ಹೇಳಿದ್ದಾಳೆ ಅಂತ.

ಮಾತಾಡೇ. ಬೈಯಬೇಕಾ, ಬೈದುಬಿಡು. ನೀನು ಬಂದಾಗಿನಿಂದ ಈ ಮನೇಲಿ ಬಾಯಿ ಮಾಡೋದೆಲ್ಲ ನಾನೇ, ಒಂದ್ಸಲ ನೀನು ಮಾಡು.

ಬೇಡ್ವಾ.

ಸರಿ, ಹೀಗೆ ಮಾಡೋಣ. ನಾಳೆಯದು ನಾಳೆ ಆಗಲೇಬೇಕಲ್ಲ. ತಗೋ ಕನ್ನಡಕ. ಹಾಕ್ಕೋ. ನೀನು ಇನ್ಸ್‌ಪೆಕ್ಟರ್, ನಾನು ನೀನು. ಹೇಗೆ ಹೇಳಬೇಕು ಅಂತ ತೋರಿಸ್ತೀನಿ, ನೀನು ಸುಮ್ಮನೆ ಪ್ರಶ್ನೆ ಕೇಳ್ತಾ ಹೋಗು. ಎಡಗೈಯಲ್ಲಿ ಆಗಲ್ವಾ? ಬಾ, ನಾನೇ ಹಾಕ್ತೀನಿ. ಹಾಂ. ನಿನಗೇ ಚೆನ್ನಾಗಿ ಒಪ್ಪುತ್ತೆ ನೋಡು. ನನಗಿಂತ.

ನೆಟ್ಟಗೆ ಕೂತ್ಕೋ. ನಾನು ಕೈ ಕಟ್ಟಿ ನಿಲ್ತೀನಿ. ಕೇಳು.

ಕೇಳಲ್ವಾ? ಪ್ರಶ್ನೆನೂ ನಾನೇ ಹೇಳ್ಲಾ? ಆಯ್ತು. ನೀನು ಏನು ಕೆಲಸ ಮಾಡ್ತೀಯಮ್ಮ ಅಂತ ಕೇಳಿದೆ ಅಂದ್ಕೋ. ಪಂಚಿಂಗ್ ಸಾರ್, ರಟ್ಟು ಕತ್ತರಿಸೋ ಮೆಷಿನ್. ಕೈಗೆ ಏನಾಯ್ತು? ಮನೇಲಿ ಬೀರು ಸರಿಸ್ತಿದ್ದೆ ಸಾರ್, ಜಾರಿ ಬಿತ್ತು. ರಜೆ ಹಾಕಿದ್ಯಾ? ಇಲ್ಲ ಸಾರ್, ದಿನಾ ಬಂದಿದ್ದೀನಿ, ಕೂತು ಮಾಡೋ ಕೆಲಸ ಕೊಟ್ಟಿದ್ದಾರೆ, ಮಾಲೀಕರು ತುಂಬ ಒಳ್ಳೆಯವರು. ನೋಡಿದ್ಯಾ, ಎಷ್ಟು ಸುಲಭ. ತಡವರಿಸಿದ್ನಾ ಎಲ್ಲಾದ್ರೂ? ಜಾಲರಿ ಯಾಕಮ್ಮ ಇದೆ? ಕೈ ಒಳಗೆ ಹೋಗದ ಹಾಗೆ ಸಾರ್. ಅದನ್ನ ಎತ್ತಿದ್ರೆ? ಎತ್ತಿದ ಕೂಡಲೇ ಮೆಷಿನ್ ತಾನಾಗಿ...

ತಾನಾಗಿ...

ಮರೆತಿಲ್ಲ. ಆ ನೀರು ಇಲ್ಲಿ ಕೊಡು, ಬೆಳಿಗ್ಗೆಯಿಂದ ಮಾತಾಡ್ತಾ ಇದ್ದೀನಲ್ಲ.

ಆ ಕನ್ನಡಕದಲ್ಲಿ ಹಾಗೆ ನೋಡಬೇಡ್ವೇ. ಇನ್ಸ್‌ಪೆಕ್ಟರ್‌ಗಳು ಹಾಗೆ ನೋಡಲ್ಲ. ಏನಾದ್ರೂ ಬರ್ಕೋತಾರೆ, ಕೆಮ್ಮುತ್ತಾರೆ, ಗಡಿಯಾರ ನೋಡ್ಕೋತಾರೆ.

ಏನು? ನಾನು ನೆಲ ನೋಡ್ತಾ ಇದ್ದೀನಾ?

ಹೌದು, ನೋಡ್ತಾ ಇದ್ದೀನಿ.

ಇನ್ನೊಂದು ಪ್ರಶ್ನೆ ಉಳಿದಿದೆ ಅಂತ ನನಗೂ ಗೊತ್ತು. ಅದನ್ನ ನಾನು ಯಾರಿಗೂ ಹೇಳಿಕೊಟ್ಟಿಲ್ಲ, ಯಾವ ಕಾರ್ಖಾನೇಲೂ ಕೇಳಿಲ್ಲ. ಕೈ ಹೋಗೋ ಮುಂಚೆ ಕೇಳೋ ಪ್ರಶ್ನೆ ಅಲ್ಲ ಅದು. ನಾಳೆ ಅವರು ಕೇಳಿದ್ರೆ ನೀನು ಎಲ್ಲಿ ನೋಡ್ತೀಯೋ ನೋಡು, ನಾನು ಬೇಡ ಅನ್ನಲ್ಲ. ಆದ್ರೆ ಈಗ ನೀನು ಕೇಳು. ಹೀಗೆ ನೋಡ್ತಾ ಕೂರೋದಕ್ಕಿಂತ ಬಾಯಿಬಿಟ್ಟು ಕೇಳಿಬಿಡು.

ನಾನೇ ಕೇಳ್ಲಾ?

ಮೆಷಿನ್ ನಿಲ್ಲುತ್ತೆ ಅಂತ ನಿನಗೆ ಹೇಳಿಕೊಟ್ಟಿದ್ದು ಯಾರಮ್ಮ?